ಪಾರ್ಕಿಂಗ್ ಲಾಟಿನ ಅಪ್ಪ

ಕೋವಿಡ್ ಕಾಲದಲ್ಲಿ ನಾನು ನ್ಯೂಜೆರ್ಸಿಯ ಒಂದು ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಮಕ್ಕಳ ಐಸ್ ಹಾಕಿ ಆಟಕ್ಕೆ ರೆಫರಿಯಾಗಿದ್ದೆ. ಪಾಲಕರನ್ನು ಒಳಗೆ ಬಿಡುತ್ತಿರಲಿಲ್ಲ. ಧಾರವಾಡದ ಕಡೆಯ ಒಬ್ಬ ಐಟಿ ಮ್ಯಾನೇಜರ್ ಪಾರ್ಕಿಂಗ್ ಲಾಟಿನಲ್ಲಿ ಕಾರಿನಲ್ಲೇ ಕೂತು ಫೋನಿನಲ್ಲಿ ಮಗಳ ಆಟದ ಲೈವ್ ನೋಡುತ್ತಿದ್ದ. ಮುಗಿದ ಮೇಲೆ ನನ್ನನ್ನು ಅಡ್ಡಹಾಕಿ, ಬೆರಳೆತ್ತಿ, "ರೂಲ್ಸ್ ಅಂದ್ರ ರೂಲ್ಸ್ ರೀ" ಎಂದು ಶುರುಮಾಡುತ್ತಿದ್ದ. ಅವನ ರೂಲ್ಸೆಲ್ಲ ಎದುರು ಟೀಮಿನ ಮಕ್ಕಳಿಗೆ ಮಾತ್ರ.

ಫೈನಲ್ ದಿನ ಅವನ ಮಗಳು ಆಟದ ನಡುವೆ ನನ್ನ ಬಳಿ ಬಂದು, "ಐ ಹ್ಯಾವ್ ಎ ಫೀವರ್. ಡ್ಯಾಡ್ ಸೆಡ್ ನಾಟ್ ಟು ಟೆಲ್" ಎಂದಳು. ಆಟ ನಿಲ್ಲಿಸಿ ಅವಳನ್ನು ಹೊರಗೆ ಕರೆತಂದೆ.

"ಗುಳಿಗಿ ಕೊಟ್ಟೀನ್ರಿ, ಆಡ್ತಾಳ. ನೀವು ರೆಫರಿ, ಡಾಕ್ಟರ್ ಅಲ್ಲ" ಎಂದ ಅವಳಪ್ಪ, ಕಾರಿನಿಂದ ಇಳಿದು ಬಂದು.

ನಾನು ರಿಂಕಿನ ಬಾಗಿಲಿಂದ ಕದಲಲಿಲ್ಲ. ಹುಡುಗಿ ನಡುಗುತ್ತಿದ್ದಳು. ಅವನು ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಅವಳಿಗೆ ಹಿಂದಿನ ಸೀಟು ತೋರಿಸಿದ.