ಖಾಲಿ ಕುರ್ಚಿಯ ಲಾಗಿನ್

ಹಾರೂಗೇರಿಯ ಕಿರಾಣಿ ವ್ಯಾಪಾರಿಯ ಮಗಳು ಸುಗಂಧಾ ಚೌಗುಲೆಗೆ ಪಿಯುಸಿ ಸೈನ್ಸಿನಲ್ಲಿ ಒಳ್ಳೆಯ ಅಂಕ ಬಂದಿದ್ದವು. ಇಂಜಿನಿಯರಿಂಗ್ ಓದಲು ಸಾಂಗ್ಲಿಗೆ ಕಳಿಸಲು ಅಪ್ಪ ಒಪ್ಪಲಿಲ್ಲ. ರಾಯಬಾಗದ ಟೈಪಿಂಗ್ ಕ್ಲಾಸಿಗೆ ಕಳಿಸಿದರು, ಏಕೆಂದರೆ ಅದು ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಟೈಪಿಂಗಿನ ಸೀನಿಯರ್ ಪರೀಕ್ಷೆಯಲ್ಲಿ ಸುಗಂಧಾರದು ಒಂದೂ ತಪ್ಪಿರಲಿಲ್ಲ. ಪರೀಕ್ಷಕರು ಎರಡು ಸಲ ನೋಡಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ನೋಡಿದರಂತೆ.

೧೯೯೧ರಲ್ಲಿ ಚಿಕ್ಕೋಡಿಯ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಟೈಪಿಸ್ಟ್ ಆದರು. ನಾಲ್ಕು ವರ್ಷಕ್ಕೆ ಅಲ್ಲಿಗೆ ಕಂಪ್ಯೂಟರ್ ಬಂತು. ಯಂತ್ರ ಒಂದೇ, ಅದು ಗಾಜಿನ ಕೋಣೆಯಲ್ಲಿ, ಏಸಿ ಹಚ್ಚಿಕೊಂಡು ಇರುತ್ತಿತ್ತು. ಹೊರಗೆ ಹಾಲ್‌ನಲ್ಲಿ ಅದಕ್ಕೆ ತಂತಿ ಜೋಡಿಸಿದ ಆರು ಟರ್ಮಿನಲ್‌ಗಳು, ಅಂದರೆ ಬರೀ ಪರದೆ ಮತ್ತು ಕೀಲಿಮಣೆ. ಯಾರು ಎಲ್ಲಿ ಕೂತರೂ ತಮ್ಮ ಹೆಸರು, ಪಾಸ್‌ವರ್ಡ್ ಒತ್ತಿ ಅದೇ ಯಂತ್ರದೊಳಗೆ ಹೋಗಬೇಕು. ಅಥಣಿ, ಕಾಗವಾಡ, ರಾಯಬಾಗದ ಶಾಲೆಗಳ ಅಂಕಪಟ್ಟಿಯೆಲ್ಲ ಅದರಲ್ಲಿತ್ತು. ನಿಪ್ಪಾಣಿಯಿಂದ ಜಿನೇಂದ್ರ ಎಂಬ ಇಂಜಿನಿಯರು ವಾರಕ್ಕೆರಡು ದಿನ ಬಂದು ಅದನ್ನು ನೋಡಿಕೊಳ್ಳುತ್ತಿದ್ದರು.

ಆ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಎಲ್ಲರ ಪರದೆಯ ಮೇಲೂ ಒಂದು ಸಂದೇಶ ಬಂತು: ನಾಳೆ ಶನಿವಾರ ಕಚೇರಿಗೆ ರಜೆ. ಕಳಿಸಿದವರ ಹೆಸರು ಸುಗಂಧಾ ಎಂದಿತ್ತು. ಆ ದಿನ ಸುಗಂಧಾ ಅಂಕಪಟ್ಟಿ ತರಲು ಕಾಗವಾಡದ ಶಾಲೆಗೆ ಹೋಗಿದ್ದರು, ಸೂಪರಿಂಟೆಂಡೆಂಟ್ ವಿರುಪಾಕ್ಷಪ್ಪನವರು ಅಥಣಿಗೆ. ನೋಟೀಸುಗಳನ್ನು ಟೈಪು ಮಾಡುವವರು ಸುಗಂಧಾ ಅವರೇ ಆದ್ದರಿಂದ ಯಾರೂ ಅನುಮಾನಪಡಲಿಲ್ಲ. ಶನಿವಾರ ಕಚೇರಿಗೆ ಬಂದವರು ಇಬ್ಬರೇ, ಸುಗಂಧಾ ಮತ್ತು ವಿರುಪಾಕ್ಷಪ್ಪ.

"ರಜಾ ಕೊಡಾಕ ನೀವ್ ಯಾರ್ರಿ?" ಎಂದರು ವಿರುಪಾಕ್ಷಪ್ಪ.

"ನಾ ಕಳಿಸಿಲ್ರಿ ಸಾಹೇಬ್ರ. ಕಳಿಸಿದ್ರ ನಾನ ಯಾಕ ಬರ್ತಿದ್ನಿರಿ?"

"ಕಂಪ್ಯೂಟರ್ ನಿಮ್ ಹೆಸರ ತೋರಸಾಕತ್ತೈತಿ. ಅದಕ್ಕೇನ್ ನಿಮ್ ಮ್ಯಾಲ ಸಿಟ್ಟೈತೇನು?"

ಸಂದೇಶ ಹೋದ ಹೊತ್ತು ಗುರುವಾರ ಸಂಜೆ ಆರೂ ಐವತ್ತು ಎಂದು ಯಂತ್ರವೇ ತೋರಿಸಿತು. ಸುಗಂಧಾ ದಿನವೂ ಐದೂ ಕಾಲರ ಬಸ್ಸು ಹತ್ತಿ, ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂದು ಎರಡನೆಯ ಡಬ್ಬಿಯನ್ನು ಬಸ್ಸಿನಲ್ಲೇ ಬಿಚ್ಚುತ್ತಿದ್ದರು. ಇದು ಇಡೀ ಕಚೇರಿಗೆ ಗೊತ್ತಿತ್ತು, ವಿರುಪಾಕ್ಷಪ್ಪನವರಿಗೂ.

"ಹಂಗಾರ ಪಾಸ್‌ವರ್ಡ್ ಯಾರಿಗೋ ಕೊಟ್ಟೀರಿ. ಅದು ಇನ್ನೂ ದೊಡ್ಡ ತಪ್ಪು," ಎಂದು ಅವರು ಮೆಮೊ ಕೊಡಲು ನಿರ್ಧರಿಸಿದರು. ಆ ಮೆಮೊವನ್ನು ಟೈಪು ಮಾಡಿದವರು ಸುಗಂಧಾ ಅವರೇ. ಅದರಲ್ಲೂ ತಪ್ಪಿರಲಿಲ್ಲ.

ಪಾಸ್‌ವರ್ಡನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಆದರೆ ಆ ವಾರ ಕಿಟಕಿ ಪಕ್ಕದ ಮೂರನೆಯ ಟರ್ಮಿನಲ್‌ನಲ್ಲಿ ಅದನ್ನು ಒತ್ತಿದಾಗ, ತಪ್ಪಾಗಿದೆ ಎಂದು ಯಂತ್ರ ಹೇಳಿತ್ತು. ಮತ್ತೆ ಒತ್ತಿದಾಗ ಒಳಗೆ ಬಿಟ್ಟಿತ್ತು. ಜಿನೇಂದ್ರ ಬಂದಾಗ ಸುಗಂಧಾ ಅವರಿಗೆ ಅದನ್ನೇ ಹೇಳಿದರು.

"ಬೆರಳ ಜಾರಿರತೈತಿ ಬಿಡ್ರಿ," ಎಂದರು ಜಿನೇಂದ್ರ.

"ನನ್ನ ಬೆರಳ ಜಾರಂಗಿಲ್ರಿ."

ಜಿನೇಂದ್ರ ನಕ್ಕರು. ಆದರೂ ಒಳ್ಳೆಯ ಮನುಷ್ಯ. ಒಂದು ಚೀಟಿಯಲ್ಲಿ ಮೂರು ಆಜ್ಞೆ ಬರೆದುಕೊಟ್ಟರು. ‘ಎಲ್‌ಎಸ್’ ಎಂದು ಒತ್ತಿದರೆ ಕಡತಗಳ ಹೆಸರು ಕಾಣುತ್ತವೆ. ‘ಕ್ಯಾಟ್’ ಎಂದರೆ ಕಡತದೊಳಗೆ ಏನಿದೆ ಎಂದು ಕಾಣುತ್ತದೆ. ‘ಹೂ’, ಇಂಗ್ಲಿಷಿನಲ್ಲಿ ‘ಯಾರು’, ಎಂದರೆ ಯಾರು ಯಾವ ಟರ್ಮಿನಲ್‌ನಿಂದ ಒಳಗಿದ್ದಾರೆ ಎಂಬ ಪಟ್ಟಿ ಬರುತ್ತದೆ.

ಸುಗಂಧಾ ದಿನವೂ ಬಂದ ಕೂಡಲೇ ‘ಹೂ’ ಒತ್ತಿ, ಪಟ್ಟಿಯ ಹೆಸರುಗಳನ್ನೂ ಹಾಲ್‌ನಲ್ಲಿ ಕೂತವರ ತಲೆಗಳನ್ನೂ ಎಣಿಸತೊಡಗಿದರು. ಎಂಟು ದಿನ ಲೆಕ್ಕ ಸರಿಹೋಯಿತು. ಒಂಬತ್ತನೆಯ ದಿನ ತಲೆ ನಾಲ್ಕು, ಹೆಸರು ಐದು. ಹೆಚ್ಚಿನ ಹೆಸರು ವಿಶ್ವಾಸ. ಬೋರಗಾಂವದ ಹುಡುಗ, ಪ್ರವೇಶ ವಿಭಾಗದ ಗುಮಾಸ್ತ. ಪಟ್ಟಿಯ ಪ್ರಕಾರ ಅವನು ಮೂರನೆಯ ಟರ್ಮಿನಲ್‌ನಲ್ಲಿದ್ದ. ಅಲ್ಲಿದ್ದದ್ದು ಖಾಲಿ ಕುರ್ಚಿ. ಪರದೆ ಮಾತ್ರ ಹೊಸಬರನ್ನು ಕರೆಯುವಂತೆ ಹೆಸರು ಕೇಳುತ್ತಿತ್ತು.

ಅವರು ವಿರುಪಾಕ್ಷಪ್ಪನವರನ್ನೂ ಜಿನೇಂದ್ರರನ್ನೂ ಕರೆತಂದರು.

"ಸಾಹೇಬ್ರ, ಇಲ್ಲಿ ಏನಾರ ಒಂದ್ ಸುಳ್ಳ ಹೆಸರ ಒತ್ರಿ."

ವಿರುಪಾಕ್ಷಪ್ಪ ಒಂದೇ ಬೆರಳಿನಲ್ಲಿ ಬಾಯಿಗೆ ಬಂದ ಹೆಸರು, ಪಾಸ್‌ವರ್ಡ್ ಒತ್ತಿದರು. ತಪ್ಪಾಗಿದೆ ಎಂದಿತು ಯಂತ್ರ. ಸುಗಂಧಾ ತಮ್ಮ ಜಾಗಕ್ಕೆ ಹೋಗಿ ಮತ್ತೆ ‘ಹೂ’ ಒತ್ತಿದರು. ಈಗ ಹೆಸರು ನಾಲ್ಕೇ.

"ಮೂರನೇ ಟರ್ಮಿನಲ್‌ನ್ಯಾಗ ವಿಶ್ವಾಸ ಇದ್ದ ಅಂತ ತೋರಸ್ತಿತ್ತು. ಈಗ ಇಲ್ಲ. ಆ ಕುರ್ಚಿಯಿಂದ ಯಾರ್ ಎದ್ದ್ ಹೋದ್ರಿ?"

ಜಿನೇಂದ್ರ ಈ ಸಲ ನಗದೆ ವಿಶ್ವಾಸನ ಕಡತಗಳನ್ನು ತೆರೆದು ನೋಡಿದರು. ವಿಶ್ವಾಸ ಮಾಡಿದ್ದು ಸಣ್ಣ ಕೆಲಸ. ಲಾಗಿನ್ ಪರದೆಯಂತೆಯೇ ಕಾಣುವ ಹತ್ತು ಸಾಲಿನ ಪ್ರೋಗ್ರಾಮ್ ಬರೆದು, ಓಡಿಸಿ, ಎದ್ದು ಹೋಗುತ್ತಿದ್ದ. ಬಂದು ಕೂತವರ ಪಾಸ್‌ವರ್ಡನ್ನು ಅದು ಬರೆದಿಟ್ಟುಕೊಂಡು, ತಪ್ಪು ನಿಮ್ಮದೇ ಎಂದು ಹೇಳಿ, ವಿಶ್ವಾಸನ ಹೆಸರನ್ನೂ ಹೊರಗೆ ತಂದು ಮುಗಿಯುತ್ತಿತ್ತು. ಆಮೇಲೆ ನಿಜವಾದ ಲಾಗಿನ್ ಬರುತ್ತಿತ್ತು. ಎಲ್ಲರೂ ತಮ್ಮ ಬೆರಳನ್ನೇ ಬೈದುಕೊಂಡಿದ್ದರು.

ಬರೆದಿಟ್ಟ ಕಡತ ವಿಶ್ವಾಸನ ಜಾಗದಲ್ಲೇ, ಯಾರು ಬೇಕಾದರೂ ಓದುವಂತೆ ಬಿದ್ದಿತ್ತು. ಸುಗಂಧಾ ‘ಕ್ಯಾಟ್’ ಒತ್ತಿದರು. ಹನ್ನೊಂದು ಪಾಸ್‌ವರ್ಡ್. ಏಳು ಜನರದು ತಮ್ಮದೇ ಹೆಸರು. ವಿರುಪಾಕ್ಷಪ್ಪ ಉಳಿದವನ್ನು ಗಟ್ಟಿಯಾಗಿ ಓದುತ್ತ ಹೋಗಿ, ಸುಗಂಧಾರ ಸಾಲಿಗೂ ಬಂದರು. ಇಂಗ್ಲಿಷಿನ ಎಂಟು ಅಕ್ಷರ: ಇಂಜಿನಿಯರ್. ಓದಿ, ಒಮ್ಮೆ ಅವರ ಮುಖ ನೋಡಿ, ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಸುಗಂಧಾ ಪರದೆ ಆರಿಸಿಬಿಟ್ಟರು. ಮೆಮೊ ಬಂದಾಗ ಆಗದ ನಾಚಿಕೆ ಆಗ ಆಯಿತಂತೆ.

ವಿಶ್ವಾಸ ಕೇಳಿದ ತಕ್ಷಣ ಒಪ್ಪಿಕೊಂಡ. "ಶನಿವಾರ ತಂಗೀನ್ನ ನೋಡಾಕ ಗಂಡಿನವ್ರು ಬರೂದಿತ್ರಿ. ನೀವು ರಜಾ ಕೊಡ್ಲಿಲ್ಲ."

"ಅದಕ್ಕ ಎಲ್ಲಾರಿಗೂ ಕೊಟ್ಯೇನ್ಲೇ?" ಎಂದರು ವಿರುಪಾಕ್ಷಪ್ಪ.

"ನಾನೊಬ್ಬನ ತಪ್ಪಿಸಿದ್ರ ಗೊತ್ತಾಕ್ಕಿತ್ರಿ."

ಅವನನ್ನು ಕಂಪ್ಯೂಟರ್ ಇಲ್ಲದ ಕಾಗವಾಡದ ಶಾಲೆಗೆ ವರ್ಗ ಮಾಡಿದರು. ಮೆಮೊ ಹಿಂಪಡೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ಫೈಲಿನಲ್ಲೇ ಉಳಿಯಿತು. ಯಂತ್ರದ ಮುಖ್ಯ ಪಾಸ್‌ವರ್ಡನ್ನು ಜಿನೇಂದ್ರ ಸುಗಂಧಾರ ಕೈಗೆ ಕೊಟ್ಟರು, ಜೊತೆಗೆ ದಪ್ಪನೆಯ ಎರಡು ಕೈಪಿಡಿಗಳನ್ನೂ. ಬಸ್ಸಿನಲ್ಲಿ ಊಟ ಮುಗಿದ ಮೇಲೆ ಬೆಳಕಿರುವವರೆಗೆ ಅವನ್ನು ಓದುತ್ತ ಓದುತ್ತ ಎರಡು ವರ್ಷದಲ್ಲಿ ಮುಗಿಸಿದರು. ಈಗ ಆ ಸಂಸ್ಥೆಯ ಹದಿನಾಲ್ಕು ಶಾಲೆಗಳ ಕಂಪ್ಯೂಟರುಗಳೂ ಅವರ ಉಸ್ತುವಾರಿಯಲ್ಲಿವೆ.

ವಿಶ್ವಾಸನ ತಂಗಿಯ ಸಂಬಂಧ ಆ ಶನಿವಾರವೇ ಗಟ್ಟಿಯಾಗಿತ್ತು. ಮೇ ತಿಂಗಳಲ್ಲಿ ಮದುವೆ. ಅವನೇ ಬಂದು ಕರೆದದ್ದರಿಂದ ಸುಗಂಧಾ ಹೋಗಿ, ಅಕ್ಕಿಕಾಳು ಹಾಕಿ, ಊಟ ಮಾಡಿ ಬಂದರು.