ಗೋರಂಟಿ ಬೇಲಿಯ ಆಚೆಯವರು

ಅವರ ಹಣೆ ಎರಡು ಬಣ್ಣದ್ದು. ಮೂವತ್ತು ವರ್ಷ ಪೇಟ ಸುತ್ತಿಕೊಂಡು ಕೋರ್ಟಿಗೆ ಹೋಗಿದ್ದರಿಂದ ಹುಬ್ಬಿನ ಮೇಲೆ ಎರಡು ಬೆರಳಗಲ ಕಪ್ಪು, ಅಲ್ಲಿಂದಾಚೆಗೆ ಸುಲಿದ ಬಾದಾಮಿಯಂಥ ಬಿಳುಪು. ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ, ಜಯನಗರದಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದ ಕಾಲದಲ್ಲಿ, ನಮ್ಮ ಪಕ್ಕದಲ್ಲೇ ಮನೆ ಕಟ್ಟಿಸಿದರು. ಯಾರಾದರೂ ಮದುವೆ ಕಾಗದ ಕೊಟ್ಟರೆ ಮೊದಲು ಪಂಚಾಂಗ ತೆಗೆದು ತಿಥಿಗೂ ವಾರಕ್ಕೂ ತಾಳೆಯಾಗುತ್ತದೋ ಎಂದು ನೋಡಿ, ಆಮೇಲೆ ಮದುವೆ ಯಾರದೆಂದು ಕೇಳುವ ಆಸಾಮಿ! ಜೊತೆಗಿದ್ದದ್ದು ಒಬ್ಬಳೇ ಮಗಳು. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಿದ್ದಳು. ನಾನು ಅವರನ್ನು ಮಾಮ ಎನ್ನುತ್ತಿದ್ದೆ, ಅವಳನ್ನು ಅಕ್ಕ.

ನಮ್ಮಪ್ಪ ಸ್ಕೂಲ್ ಮೇಷ್ಟ್ರು. ದಿನಾ ಬೆಳಿಗ್ಗೆ ಜಗಲಿಯಲ್ಲಿ ನಿಂತು ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡದೆ ಕಾಫಿ ಮುಟ್ಟಿದವರಲ್ಲ. ಮಾಮನ ಮನೆ ನಮಗೆ ಪೂರ್ವಕ್ಕೆ. ಬಂದ ಹೊಸದರಲ್ಲೇ ಅವರು ನಡುವೆ ಗೋರಂಟಿ ಬೇಲಿ ಹಾಕಿದರು. ಅದು ಮೂರು ಮಳೆಗಾಲದಲ್ಲಿ ಒಂದೂವರೆ ಆಳುದ್ದ ಬೆಳೆದು, ನಮ್ಮ ಮನೆಯಲ್ಲಿ ಸೂರ್ಯ ಒಂಬತ್ತು ಗಂಟೆಗೆ ಹುಟ್ಟತೊಡಗಿದ. ಅಪ್ಪ ಕೇಳಿದಾಗಲೆಲ್ಲ ಮಾಮ ‘ನೋಡೋಣ’ ಅನ್ನುವರು, ಕತ್ತರಿ ಮಾತ್ರ ಮುಟ್ಟರು. ಅಪ್ಪನದೂ ಹಠವೆಂದರೆ ಹಠ. ದಾವಾ ಹೂಡಿಯೇಬಿಟ್ಟರು.

ಸಮನ್ಸ್ ತಲುಪಿದ ಸಂಜೆ ದಾವಾ ಪ್ರತಿ ಹಿಡಿದುಕೊಂಡು ಮಾಮ ನೇರ ನಮ್ಮ ಜಗಲಿಗೇ ಬಂದರು. ಜಗಳ ತಪ್ಪಿದ್ದಲ್ಲ ಎಂದು ಅಮ್ಮ ಬಾಗಿಲಿಗೆ ಬಂದು ನಿಂತಳು. ಅವರೋ ಕನ್ನಡಕ ಏರಿಸಿ ಕೂತರು.

“ಮೇಷ್ಟ್ರೇ, ನಿಮ್ಮ ವಕೀಲ್ರು ಚಕ್ಕುಬಂದಿ ತಪ್ಪು ಬರ್ದಿದಾರೆ. ಬೇಲಿ ನಿಮ್ಗೆ ಪಶ್ಚಿಮಕ್ಕಂತೆ. ಸೂರ್ಯ ಅಲ್ಲಿ ಹುಟ್ತಾನೇನ್ರೀ? ತಿದ್ದಿಸ್ಕೊಳ್ಳಿ, ಇಲ್ದಿದ್ರೆ ಎದುರು ಪಾರ್ಟಿ ಎಳ್ದಾಡ್ತಾರೆ.”

“ಎದುರು ಪಾರ್ಟಿ ನೀವೇ ಅಲ್ವಾ ಶಿರಸ್ತೇದಾರ್ರೇ!”

“ಅದಕ್ಕೇ ಹೇಳಿದ್ದು.”

ಅಪ್ಪ ನಗಲಿಲ್ಲ. “ಇಷ್ಟೆಲ್ಲ ಹೇಳ್ಕೊಡೋರು ಆ ಬೇಲೀನ ಒಂದಿಷ್ಟು ಕತ್ತರಿಸ್ಬಾರ್ದಾ?”

ಮಾಮ ಕನ್ನಡಕ ತೆಗೆದರು. ದನಿ ಇಳಿಯಿತು. “ನಾವು ಬಂದ ಮಾರನೇ ಬೆಳಿಗ್ಗೆ ನನ್ನ ಮಗಳು ತಲೆ ಒಣಗಿಸ್ಕೊಳ್ತಾ ಬಿಸಿಲಲ್ಲಿ ಕೂತಿದ್ಲು. ನೀವು ಅವಳ ಮುಖ ನೋಡಿ, ಕೈಯಲ್ಲಿದ್ದ ಅರ್ಘ್ಯದ ನೀರು ಚೆಲ್ಲಿ ಒಳಗೆ ಹೋದ್ರಿ. ಇನ್ನೊಂದ್ಸಲ ಸ್ನಾನ ಮಾಡ್ಕೊಂಡು ಬಂದ್ರಿ. ಅವತ್ತಿಂದ ಅವಳು ಬೆಳಿಗ್ಗೆ ಹೊರಗೆ ಬರೋದೇ ಬಿಟ್ಲು. ಬೇಲಿ ಎತ್ತರ ಆದ್ಮೇಲೆ ಈಗೀಗ ಬರ್ತಾಳೆ. ಇದನ್ನ ನಾನು ಕೋರ್ಟಲ್ಲಿ ಬಾಯಿ ಬಿಡಲ್ಲ. ನನ್ನ ಮಗಳ ವಿಷಯ ಕಾಗದಕ್ಕೆ ಬರಕೂಡದು. ಸೋತರೂ ಸರಿ.”

ಅಪ್ಪನಿಗೆ ಆ ಬೆಳಿಗ್ಗೆಯ ನೆನಪೇ ಇರಲಿಲ್ಲ. ನನಗಿತ್ತು. ಅಪಶಕುನವಾದರೆ ಎಲ್ಲರೂ ಮಾಡುವುದೇ ಹಾಗೆ ಎಂದು ನಾನೂ ಸುಮ್ಮನಿದ್ದೆ, ಪಾಪಿ.

ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಆ ವಾರವೇ ದಾವಾ ವಾಪಸು ತೆಗೆದುಕೊಂಡರು. ಬೇಲಿ ಹಾಗೇ ಇರಲಿ ಎಂದು ಮಾಮನಿಗೆ ಹೇಳಿಯೂ ಬಂದರು. ಮಾಮ ಕೇಳಬೇಕಲ್ಲ! ಮರುದಿನವೇ ಆಳು ಕರೆಸಿ ಅದನ್ನು ಸೊಂಟದೆತ್ತರಕ್ಕೆ ಇಳಿಸಿಬಿಟ್ಟರು. ಮರುಬೆಳಿಗ್ಗೆ ಅಪ್ಪ ಚೊಂಬು ಹಿಡಿದು ಹೊರಗೆ ಬಂದದ್ದೇ ತಡ, ಬೇಲಿಯಾಚೆ ಕಲ್ಲಿನ ಮೇಲೆ ಬಿಸಿಲಿಗೆ ಕೂತಿದ್ದ ಅಕ್ಕ ಧಡಕ್ಕನೆ ಎದ್ದಳು.

“ಏಳ್ಬೇಡಮ್ಮ, ಕೂತ್ಕೋ,” ಎಂದರು ಅಪ್ಪ. ಅವಳು ಕೂರುವವರೆಗೂ ಕಾದು, ಅವಳೆದುರಿಗೇ ಅರ್ಘ್ಯ ಕೊಟ್ಟರು. ಒಳಗೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಮಾಮ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಚಟ್ಟಕ್ಕೆ ಅಪ್ಪನೂ ಹೆಗಲು ಕೊಟ್ಟರು. ನಾನಾಗ ಗಂಡನ ಮನೆಯಲ್ಲಿದ್ದೆ, ಕೊನೆಗೆ ಮುಖ ನೋಡಲೂ ಆಗಲಿಲ್ಲ.

ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಗಂಡ ಹೋದರು. ತೌರಿಗೆ ಬಂದ ಮರುದಿನ ಸೋದರತ್ತೆ ಅಪ್ಪನಿಗೆ, “ಬೆಳಗಾಗೆದ್ದು ಅವಳ್ನ ಮುಂದುಗಡೆ ಬಿಡ್ಬೇಡ ಕಣೋ, ಹೋಗೋರು ಬರೋರು ಇರ್ತಾರೆ,” ಎಂದರು. ನಾನೇ ಹಿತ್ತಲ ಕೋಣೆಗೆ ಹೊರಟಿದ್ದೆ. ಅಪ್ಪ ಒಳಗಿಂದ ಚಾಪೆ ತಂದು, ಜಗಲಿಯಲ್ಲಿ ಬಿಸಿಲು ಬೀಳುವ ಕಡೆ ಹಾಸಿ, ನನ್ನ ಕೈಹಿಡಿದು ಕೂರಿಸಿದರು.

ನನಗೋಸ್ಕರ ಯಾರೂ ಬೇಲಿ ಬೆಳೆಸಬೇಕಾಗಲಿಲ್ಲ. ಅದು ಮಾಮನ ಪುಣ್ಯ.