ಸೂಜಿ ಅಕ್ಕನ ಎರಡು ಗಾಡಿಗಳು

ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯದ ಬ್ಯಾಂಡೇಜು ಬದಲಿಸಿ ಬರುವ ಆ ನರ್ಸನ್ನು ಎಲ್ಲರೂ ಸೂಜಿ ಅಕ್ಕ ಅನ್ನುತ್ತಿದ್ದರು. ಗಂಡ ಕಾರ್ಖಾನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನ ಪೆಟ್ರೋಲ್ ಬೈಕನ್ನು ಓಡಿಸಲು ಅವಳೇ ಕಲಿತಳು. ಹಳೆಯ ಗಾಡಿ. ಒಂದು ದಿನ ಕ್ಲಚ್ ಕೇಬಲ್ಲು, ಇನ್ನೊಂದು ದಿನ ಚೈನು, ಮಳೆ ಬಂದರೆ ಪ್ಲಗ್ಗು. ಅದನ್ನು ತಳ್ಳಿಕೊಂಡು ಬರುವ ಅವಳನ್ನು ಕಂಡರೆ ಗ್ಯಾರೇಜಿನವನು, "ಬನ್ನಿ ಅಕ್ಕ, ಪೇಷೆಂಟ್‌ಗೆ ಇವತ್ತೇನಾಗಿದೆ?" ಅನ್ನುತ್ತಿದ್ದ.

ಒಂದು ಭಾನುವಾರ ಮನೆಗೆ ಬಂದ ತಮ್ಮ ಅಂದ: "ಅಕ್ಕಾ, ಈ ಗಾಡಿ ನಿನ್ನ ದುಡಿಮೇಲಿ ಅರ್ಧ ಕುಡೀತಿದೆ. ಎಲೆಕ್ಟ್ರಿಕ್ ಸ್ಕೂಟರ್ ತಗೋ. ಪೆಟ್ರೋಲ್ ಬೇಡ, ಆಯಿಲ್ ಬೇಡ. ಮೊದಲು ಸ್ವಲ್ಪ ಜಾಸ್ತಿ ಬೀಳುತ್ತೆ, ಆಮೇಲೆ ಅದೇ ತೀರಿಸಿಕೊಡುತ್ತೆ."

ಹಳೆಯ ಬೈಕು ಮಾರಿ ಎಲೆಕ್ಟ್ರಿಕ್ ಗಾಡಿ ತಂದ ದಿನ ಗಂಡ ಗೋಡೆ ಕಡೆ ತಿರುಗಿ ಮಲಗಿದ.

ತಮ್ಮ ಹೇಳಿದ್ದು ಸುಳ್ಳೇನಲ್ಲ. ಎರಡು ವರ್ಷ ಅವಳು ಪೆಟ್ರೋಲ್ ಬಂಕಿನ ಮುಂದೆ ತಲೆಯೆತ್ತಿಕೊಂಡೇ ಹೋದಳು. ಆದರೆ ಮನೆ ಮೂರನೇ ಮಹಡಿಯಲ್ಲಿ, ಕೆಳಗೆ ಪ್ಲಗ್ ಪಾಯಿಂಟ್ ಇಲ್ಲ. ದಿನವಿಡೀ ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸಿ, ಸಂಜೆ ಬ್ಯಾಟರಿ ಬಿಚ್ಚಿ, ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಬೇಕು. "ಮಗು ಮಲಗಿತಾ?" ಎಂದು ಎರಡನೇ ಮಹಡಿಯವಳು ನಗುತ್ತಿದ್ದಳು. ಇವಳಿಗೆ ಮೊದಮೊದಲು ನಗು ಬರುತ್ತಿತ್ತು. ಮೊದಲಾದರೆ ಬೈಕಿನ ಸದ್ದು ರಸ್ತೆ ತಿರುವಿನಲ್ಲಿ ಕೇಳಿದ ಕೂಡಲೇ ಗಂಡ ಚಹಾಕ್ಕಿಡುತ್ತಿದ್ದ. ಸದ್ದೇ ಇಲ್ಲದ ಈ ಗಾಡಿ ಬಂದದ್ದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಮೂರನೇ ವರ್ಷ ಚಾರ್ಜು ನಿಲ್ಲದಾಯಿತು. ಒಂದು ಮಧ್ಯಾಹ್ನ ಏರುದಾರಿಯ ನಡುವೆ ಗಾಡಿ ಸುಮ್ಮನಾಯಿತು. ಏದುಸಿರು ಬಿಡುತ್ತಾ ತಳ್ಳಿಕೊಂಡು ಹೋದರೆ ಗೇಟಿನಲ್ಲೇ ಪೇಷೆಂಟಿನ ಮಗಳು ನಿಂತಿದ್ದಳು.

"ಅಪ್ಪ ಬೆಳಿಗ್ಗೆಯಿಂದ ನೋವು ತಡ್ಕೊಂಡು ಕೂತಿದಾರೆ. ಫೋನಾದ್ರೂ ಮಾಡಬಾರದಾ?"

ಇವಳು ಒಳಗೆ ಹೋದಳು. ಕೈ ತೊಳೆದು ಬ್ಯಾಂಡೇಜು ಬಿಚ್ಚಿದಳು. ಆ ವಾರವೇ ಆ ಮನೆಯವರು ಬೇರೆ ನರ್ಸನ್ನು ಗೊತ್ತುಮಾಡಿಕೊಂಡರು.

ಶೋರೂಮಿನವನು ವಾರಂಟಿ ಮುಗಿದಿದೆ ಎಂದ. ಹೊಸ ಬ್ಯಾಟರಿಯ ಬೆಲೆ ಹೇಳಿದ. ಅಷ್ಟು ದುಡ್ಡಿಗೆ ಅವಳು ಮಾರಿದಂಥ ಹಳೆಯ ಬೈಕು ಎರಡು ಬರುತ್ತಿದ್ದವು. ಮನೆಗೆ ಬಂದವಳು ಸತ್ತ ಬ್ಯಾಟರಿಯನ್ನು ಪಕ್ಕಕ್ಕಿಟ್ಟು ಮೊದಲ ಮಹಡಿಯ ಮೆಟ್ಟಿಲಲ್ಲೇ ಕೂತುಬಿಟ್ಟಳು. ಕತ್ತಲಾಗುತ್ತಾ ಬಂದರೂ ಏಳಲಿಲ್ಲ.

ಊರುಗೋಲಿನ ಸದ್ದಾಯಿತು. ಎಷ್ಟೋ ತಿಂಗಳಿಂದ ಹೊಸ್ತಿಲು ದಾಟದ ಗಂಡ ಒಂದೊಂದೇ ಮೆಟ್ಟಿಲು ಇಳಿದು ಬಂದು ಪಕ್ಕದಲ್ಲಿ ಕೂತ.

"ಇಷ್ಟು ಭಾರ ಇದೆ ಅಂತ ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀವು ಹೊರ್ತಿದ್ರಾ?"

"ಹೊರೋಕಾಗಲ್ಲ. ಯಾರನ್ನಾದ್ರೂ ಕೇಳೋಕಾಗುತ್ತಲ್ಲ."

ಒಬ್ಬರ ಹಂಗು ಬೇಡವೆಂದು ಅವಳು ಇಷ್ಟು ದಿನ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಗಂಡ ಕೆಳಗಿಳಿದು ಹೋಗಿ ನೆಲಮಹಡಿಯ ಟೈಲರನನ್ನು ಕೇಳಿದ, ನಿಮ್ಮ ಅಂಗಡಿಯಿಂದ ಗಾಡಿ ಚಾರ್ಜಿಗೊಂದು ವೈರು ಎಳೆಯಬಹುದಾ ಎಂದು. ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಕರೆಂಟಿಗೆ ಕಾಸು ಬೇಡ ಅಣ್ಣ. ಅಮ್ಮನ ಕಾಲಿನ ಹುಣ್ಣು ಮಾಯ್ತಾ ಇಲ್ಲ, ಅದನ್ನ ಅಕ್ಕ ನೋಡಿದ್ರೆ ಸಾಕು," ಎಂದ.

ಹೊಸ ಬ್ಯಾಟರಿ ಕಂತಿನ ಮೇಲೆ ಬಂತು. ತಮ್ಮ ಮುಖ ಸಣ್ಣ ಮಾಡಿಕೊಂಡು ಬಂದು, "ಕೊನೆಗೆ ಯಾವುದು ಅಗ್ಗ ಆಯ್ತಕ್ಕಾ?" ಎಂದು ಕೇಳಿದ.

"ಅದು ದಿನಾ ತಿಂತಿತ್ತು. ಇದು ಉಪವಾಸ ಇದ್ದು ಒಂದೇ ಸಲ ತಿಂತು," ಎಂದಳು. "ಒಟ್ಟಲ್ಲಿ ಇದೇ ಕಮ್ಮಿ ಇರಬಹುದು. ನನಗೆ ಕೂಡಿ ಕಳೆಯೋ ಶಕ್ತಿ ಇಲ್ಲ."

ಈಗ ಬೆಳಿಗ್ಗೆ ಅವಳ ಮೊದಲ ಕೆಲಸ ಟೈಲರನ ತಾಯಿಯ ಕಾಲು. ಹುಣ್ಣು ತೊಳೆಯುವಷ್ಟು ಹೊತ್ತೂ ಮುದುಕಿ ಮಗನ ಹೊಲಿಗೆ ಯಂತ್ರದ ಸದ್ದನ್ನು ಬಯ್ಯುತ್ತಿರುತ್ತಾಳೆ. ಮೊನ್ನೆ ಬ್ಯಾಂಡೇಜು ಸುತ್ತುತ್ತಿದ್ದಂತೆಯೇ ಸೂಜಿ ಅಕ್ಕನಿಗೆ ಜೊಂಪು ಹತ್ತಿ, ತಲೆ ಮುದುಕಿಯ ಮಂಚದ ಅಂಚಿಗೆ ವಾಲಿತು. ಕೈಯಲ್ಲಿ ಬಟ್ಟೆಯ ಸುರುಳಿ ಹಾಗೇ ಇತ್ತು. ಮುದುಕಿ ಕಾಲು ಕದಲಿಸದೆ, ಮಿಷನ್ ನಿಲ್ಲಿಸು ಎಂದು ಮಗನಿಗೆ ಕೈಸನ್ನೆ ಮಾಡಿದಳು.